ಉಪ್ಪಿಲ್ಲದ ಹದಿನೆಂಟು ದಿನ

“ಹಗ್ಗ ಬಿಚ್ರಿ,” ಅಂದಳು ಓಬವ್ವ.

“ಬಿಚ್ಚಿದ ಮೇಲೆ ನನ್ನ ಕೇಳಬೇಡ್ರಿ ಸಿಸ್ಟರ್,” ಅಂದ ಮಹೇಶ್ವರಪ್ಪ. “ಮೊದ್ಲೇ ತಲೆ ಕೆಟ್ಟೋನು. ಕಚ್ಚಿಗಿಚ್ಚಿದ್ರೆ?”

“ಹಲ್ಲು ಕೂಡಿಸಾಕೂ ಆಗ್ತಿಲ್ಲ ಅವ್ರಿಗೆ. ಒಡಹುಟ್ಟಿದ ತಮ್ಮನ್ನ ಕರು ಕಟ್ಟಿದಂಗೆ ಕಟ್ಕೊಂಡು ಬಂದೀರಲ್ಲ.”

ಅವನು ಕದಲಲಿಲ್ಲ. ಓಬವ್ವ ಬ್ಯಾಂಡೇಜಿನ ಕತ್ತರಿ ತಂದು ತಾನೇ ಹಗ್ಗ ಕತ್ತರಿಸಿದಳು. ಕಾಲಿನದು ಆಯಿತು, ಕೈಯದು ಆಯಿತು. ಮಣಿಕಟ್ಟಿನಲ್ಲಿ ಹಗ್ಗದ ಎಳೆಗಳು ಚರ್ಮಕ್ಕೇ ಹೆಣೆದುಕೊಂಡಂತೆ ಮೂಡಿದ್ದವು. ಕಾಲು ಮುರಿದವನನ್ನು ಯಾರೂ ಕಟ್ಟಿ ತರುವುದಿಲ್ಲ. ಎದೆನೋವಿನವನನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ತಲೆಯ ಕಾಯಿಲೆಯವನೆಂದರೆ ಮಾತ್ರ ಮನೆಮಂದಿಗೆ ಮೊದಲು ನೆನಪಾಗುವುದು ದನದ ಕೊಟ್ಟಿಗೆಯ ಹಗ್ಗ.

ಹೊನ್ನಾಳಿಯ ಹೊಳೆದಂಡೆಯಲ್ಲಿದ್ದ ಹತ್ತು ಮಂಚದ ಧರ್ಮಾಸ್ಪತ್ರೆ ಅದು. ಮಂಚದ ಮೇಲಿದ್ದವನು ನ್ಯಾಮತಿಯ ಟೆಂಟ್ ಟಾಕೀಸಿನ ಆಪರೇಟರ್ ವಿರೂಪಾಕ್ಷಪ್ಪ. ಅವನಿಗೆ ಹೆಂಡತಿಯೇ ವಿಷ ಹಾಕಿದ್ದಾಳೆಂದು ಅಣ್ಣ ಮಹೇಶ್ವರಪ್ಪ ಪೊಲೀಸರಿಗೆ ಬರೆದುಕೊಟ್ಟು ಆಗಲೇ ಒಂದು ಗಂಟೆ ಕಳೆದಿತ್ತು.

ಆ ಹೆಂಡತಿ, ಉಚ್ಚಂಗಮ್ಮ, ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ದಫೇದಾರ್ ಷಣ್ಮುಖಪ್ಪ ಬೀಡಿ ಸೇದುತ್ತಿದ್ದ. ಬೆಳಗಿನಿಂದ ಆಕೆ ಒಂದು ಮಾತೂ ಆಡಿರಲಿಲ್ಲ.

ಡಾಕ್ಟರು ಕೇಸ್‌ಶೀಟಿನಲ್ಲಿ ಬರೆದದ್ದು ಎರಡೇ ಸಾಲು. ಬೆಳೆಗೆ ಹೊಡೆಯುವ ಔಷಧಿಯ ವಿಷ ಇರಬಹುದು. ಅದನ್ನು ಇಳಿಸಲು ಅಟ್ರೋಪಿನ್ ಇಂಜೆಕ್ಷನ್.

ಓಬವ್ವ ಸಿರಿಂಜು ತುಂಬಿಸಲಿಲ್ಲ. ಟಾರ್ಚು ತಂದಳು.

“ಡಾಕ್ಟ್ರೇ, ಕಣ್ಣು ನೋಡ್ರಿ. ಆ ಔಷಧಿ ಕುಡಿದೋರ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿರ್ತೈತೆ. ಬಾಯಲ್ಲಿ ಜೊಲ್ಲು ಸುರೀತಿರ್ತೈತೆ. ಇವರ ಪಾಪೆ ನಿಮ್ಮ ನನ್ನಂಗೇ ಐತೆ. ತುಟಿ ಒಣಗಿ ಬಿರುಕು ಬಿಟ್ಟೈತೆ.”

ಡಾಕ್ಟರು ಬಗ್ಗಿ ನೋಡಿದರು. ಅವರು ವಯಸ್ಸಾದವರು, ಕೆಟ್ಟವರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಅಪರೂಪದ ಜಾತಿ.

“ಮತ್ತೆ ಈ ನಡುಕ?”

ಅದನ್ನೇ ಓಬವ್ವ ನೋಡುತ್ತಿದ್ದಳು. ಅದು ಚಳಿಯ ನಡುಕವಲ್ಲ. ಬೆರಳು ಬೆರಳೂ ದಪ್ಪಗೆ ಕುಣಿಯುತ್ತಿದ್ದವು, ಎಳೆದು ಬಿಟ್ಟ ತಂತಿಯ ಹಾಗೆ. ತೊಡೆಯ ಸ್ನಾಯು ತನ್ನಷ್ಟಕ್ಕೆ ತಾನೇ ಹಾರುತ್ತಿತ್ತು. ಹೆಸರು ಕೇಳಿದರೆ ನಾಲಿಗೆ ಹೊರಳದೆ “ವೀ... ವೀ...” ಅನ್ನುತ್ತಿದ್ದ.

ಬೆಂಗಳೂರಿನಲ್ಲಿ ಮನೋರೋಗದ ಶುಶ್ರೂಷೆ ಕಲಿತ ಒಂದು ವರ್ಷದಲ್ಲಿ ಇಂಥ ಕೈಯನ್ನು ಅವಳು ಒಂದೇ ಸಲ ನೋಡಿದ್ದಳು. ಆ ಕೈಯವನು ಬದುಕಿರಲಿಲ್ಲ.

“ಲಿಥಿಯಂ ಹೆಚ್ಚಾದ್ರೆ ಹಿಂಗಾಗ್ತೈತೆ,” ಅಂದಳು.

ತಲೆಯ ಏರಿಳಿತ ಸಮ ಮಾಡುವ ಆ ಗುಳಿಗೆಯನ್ನು ವಿರೂಪಾಕ್ಷಪ್ಪನಿಗೆ ಎರಡೂವರೆ ವರ್ಷದಿಂದ ತರಿಸಿ ಕೊಡುತ್ತಿದ್ದವಳು ಅವಳೇ. ಅದಕ್ಕೆ ಮೊದಲು ಅವನು ಮೂರು ದಿನ ನಿದ್ದೆಯಿಲ್ಲದೆ ಖಾಲಿ ಟೆಂಟಿಗೆ ಒಂದೇ ರೀಲನ್ನು ತಿರುಗಿಸಿ ತಿರುಗಿಸಿ ತೋರಿಸಿದವನು. ಆಮೇಲೆ ಎರಡು ತಿಂಗಳು ಇದೇ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ, ತಾನಾಗಿ ನೀರೂ ಕುಡಿಯದೆ ಮಲಗಿದವನು. ದಿನಕ್ಕೆ ಮೂರು ಗುಳಿಗೆಯ ಮೇಲೆ ಮತ್ತೆ ಎಲ್ಲರಂತೆ ಕೆಲಸಕ್ಕೆ ನಿಂತಿದ್ದ.

“ಲಿಥಿಯಂ ಎಲ್ಲೀದ್ರಿ?” ಮಹೇಶ್ವರಪ್ಪ ನಕ್ಕ. “ಆ ಗುಳಿಗೆ ಬಿಡಿಸಿ ಹದಿನೆಂಟು ದಿನ ಆತು. ಕೆರೆಬಿಳಚಿ ಚೌಡಕ್ಕನ ಬೇರುಮದ್ದು ಕೊಡಿಸ್ತಿದೀನಿ. ಗುಳಿಗೆ ಸೀಸೆ ಚಾನೆಲ್ ನೀರಿಗೆ ಎಸೆದಿದ್ದು ಅವನೇ, ನನ್ನ ಕಣ್ಣೆದುರಿಗೆ. ಸುಮ್ನೆ ಏನೇನೋ ಹೇಳಿ ಆ ಹೆಂಗಸನ್ನ ಉಳಿಸಬೇಡ್ರಿ.”

ಓಬವ್ವ ಮತ್ತೆ ಆ ಕೈ ನೋಡಿದಳು. ಗುಳಿಗೆಯೇ ನುಂಗದವನಿಗೆ ಗುಳಿಗೆಯ ನಂಜು ಏರುವುದು ಹೇಗೆ?

“ರಕ್ತ ಬೆಂಗಳೂರಿಗೆ ಕಳಿಸಿದ್ರೆ ಉತ್ತರ ಬರಾಕೆ ನಾಲ್ಕು ದಿನ,” ಅಂದರು ಡಾಕ್ಟರು. “ಲಿಥಿಯಂ ಆಗಿದ್ರೆ ಬಾಟಲಿ ಮೇಲೆ ಬಾಟಲಿ ಸಲೈನ್ ಹಾಕಿ ತೊಳೀಬೇಕು. ಬೆಳೆ ಔಷಧಿ ಆಗಿದ್ರೆ ಶ್ವಾಸಕೋಶದಲ್ಲಿ ಮೊದ್ಲೇ ನೀರು ತುಂಬ್ತಿರ್ತೈತೆ. ಅದರ ಮೇಲೆ ಸಲೈನ್ ಹೊಡೆದ್ರೆ ಮಂಚದ ಮೇಲೇ ಮುಳುಗಿ ಸಾಯ್ತಾನೆ. ಯಾವುದು ಅಂತ ಗಟ್ಟಿಯಾಗಿ ಹೇಳು, ಎಷ್ಟು ಗುಳಿಗೆ ಅಂತ ಹೇಳು. ಹನ್ನೊಂದರ ತನಕ ಕಾಯ್ತೀನಿ.”

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹತ್ತು.

ದಫೇದಾರನಿಗೆ ಹೇಗೂ ನ್ಯಾಮತಿಯ ಮನೆಯಲ್ಲಿ ಪಂಚನಾಮೆ ಮಾಡಬೇಕಿತ್ತು. ಮಹೇಶ್ವರಪ್ಪ ತಮ್ಮನನ್ನು ತಂದಿದ್ದ ಬಾಡಿಗೆ ವ್ಯಾನಿಗೆ, ಗುಳಿಗೆಯ ಜಾಡು ಹುಡುಕಲು ಓಬವ್ವನೂ ಹತ್ತಿದಳು; ನಾಲ್ವರೂ ಹೊರಟರು. ಉಚ್ಚಂಗಮ್ಮ ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗೊತ್ತಿ ಕೂತಳು.

“ಮಧ್ಯಾಹ್ನ ಇವಳನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ಬೇಕು,” ಅಂದ ಷಣ್ಮುಖಪ್ಪ. “ನಾನು ಇಪ್ಪತ್ತು ವರ್ಷ ಈ ಖಾಕಿ ಹಾಕೀನಿ ಸಿಸ್ಟರಮ್ಮ. ಮಾತಾಡೋ ಹೆಂಗಸಿನ ಕೈಲಿ ಪೊರಕೆ ಇರ್ತೈತೆ. ಮಾತಾಡದೋಳ ಕೈಲಿ ವಿಷ ಇರ್ತೈತೆ.”

“ನಿಮ್ಮ ಮನೆಯೋರು ಮಾತಾಡ್ತಾರಾ ದಫೇದಾರ್ರೇ?”

“ಮೂರು ದಿನದಿಂದ ಇಲ್ಲ.”

“ಹಂಗಾರೆ ಮನೆ ಊಟ ಬಿಡ್ರಿ.”

ವ್ಯಾನಿನ ಡ್ರೈವರ್ ಮಾತ್ರ ನಕ್ಕ.

ನ್ಯಾಮತಿಯ ಮನೆ ಬಾಗಿಲಲ್ಲಿ ಮಹೇಶ್ವರಪ್ಪ ಮುಂದೆ ನಿಂತ. ದಫೇದಾರನನ್ನು ಒಳಗೆ ಬಿಟ್ಟ. ಓಬವ್ವ ನಡುಮನೆ ದಾಟಿ ಅಡಿಗೆಮನೆಯ ಹೊಸ್ತಿಲಿಗೆ ಬಂದಾಗ ಕೈ ಅಡ್ಡ ಇಟ್ಟ.

“ನೀವು ಇಲ್ಲೇ ಕೂಡ್ರಿ. ಏನು ಬೇಕೋ ಹೇಳ್ರಿ, ತಂದು ತೋರಿಸ್ತೀವಿ.”

“ಯಾಕ್ರೀ?”

“ಗೊತ್ತಿದ್ದೂ ಕೇಳ್ತೀರಲ್ಲ. ಬಿಳಿಚೋಡಿನೋರು ನೀವು. ಯಾವ ಕೇರಿ ಅಂತ ನಮಗೂ ಗೊತ್ತೈತೆ.”

ಅವನ ತಮ್ಮನ ಮಲಮೂತ್ರ ಬಳಿದದ್ದು ಈ ಕೈ. ಅವನ ತಮ್ಮನ ಬಾಯಿಗೆ ಚಮಚದಲ್ಲಿ ಗಂಜಿ ಇಟ್ಟದ್ದು ಈ ಕೈ. ಆಗ ಯಾರೂ ಕೇರಿ ಕೇಳಿರಲಿಲ್ಲ. ಕಾಯಿಲೆ ಬಿದ್ದಾಗ ಮುಟ್ಟಿಸಿಕೊಳ್ಳುವ ಮೈಗಳು ಎದ್ದು ಕೂತ ಕೂಡಲೇ ಮಡಿಯಾಗಿಬಿಡುತ್ತವೆ.

“ಕೈ ತೆಗೀರಿ,” ಅಂದಳು. “ಹನ್ನೊಂದು ಗಂಟೆಗೆ ನಿಮ್ಮ ತಮ್ಮ ಸತ್ರೆ, ಅಡಿಗೆಮನೆ ತೊಳೆಯೋ ಬದಲು ಹೆಣ ತೊಳೀಬೇಕಾಗ್ತೈತೆ.”

ಅವನ ಕೈ ತಾನಾಗಿಯೇ ಇಳಿಯಿತು. ಓಬವ್ವ ಒಳಗೆ ಕಾಲಿಟ್ಟಳು.

ಅಚ್ಚುಕಟ್ಟಾದ ಅಡಿಗೆಮನೆ. ಒಲೆ ಸಾರಿಸಿತ್ತು. ಮಡಕೆಗಳು ಸಾಲಾಗಿದ್ದವು. ಆದರೆ ಒಲೆಯ ಬಲಕ್ಕೆ, ಕೈಗೆ ಸಿಗುವ ಜಾಗದಲ್ಲಿ ಇರಬೇಕಾದದ್ದು ಇರಲಿಲ್ಲ. ನೆಲದಲ್ಲಿ ದುಂಡನೆಯ ಗುರುತು ಮಾತ್ರ.

“ಉಪ್ಪಿನ ಗಡಿಗೆ ಎಲ್ಲಿ?”

ಮಹೇಶ್ವರಪ್ಪ ಅಟ್ಟದ ಕಡೆ ಗದ್ದ ಎತ್ತಿದ. ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಅರಿಶಿನದ ದಾರ ಸುತ್ತಿ ಮೇಲಿಟ್ಟಿದ್ದರು. ಪಕ್ಕದಲ್ಲೇ ಉಪ್ಪಿನಕಾಯಿ ಜಾಡಿ, ಅದಕ್ಕೂ ದಾರ.

“ಪಥ್ಯ ರೀ. ಚೌಡಕ್ಕನ ಮದ್ದಿಗೆ ಇಪ್ಪತ್ತೊಂದು ದಿನ ಉಪ್ಪು, ಹುಳಿ, ಖಾರ ಮೂರೂ ಇಲ್ಲ. ಸಪ್ಪೆ ಮುದ್ದೆ, ಸಪ್ಪೆ ಮಜ್ಜಿಗೆ. ಒಬ್ಬನಿಗೆ ಅಂತ ಬ್ಯಾರೆ ಮಾಡಿದ್ರೆ ಅವನು ಕದ್ದು ತಿಂತಾನೆ ಅಂತ ಮನೆಮಂದಿ ಎಲ್ಲಾ ಬಿಟ್ಟೀವಿ. ನಾನೂ ಬಿಟ್ಟೀನಿ, ನನ್ನ ತಮ್ಮಗೋಸ್ಕರ.”

ಆ ಮಾತಿನಲ್ಲಿ ಸುಳ್ಳು ಇರಲಿಲ್ಲ. ಅದೇ ಓಬವ್ವನಿಗೆ ತೊಂದರೆ ಕೊಟ್ಟಿತು. ಟಾಕೀಸಿನ ಲೈಸೆನ್ಸ್ ತಮ್ಮನ ಹೆಸರಿನಲ್ಲಿತ್ತು, ಅದರ ಮೇಲೆ ಅಣ್ಣನಿಗೆ ಕಣ್ಣಿತ್ತು, ಇದು ಊರಿಗೆಲ್ಲ ಗೊತ್ತು. ಆದರೆ ತಮ್ಮನನ್ನು ಕೊಲ್ಲುವವನು ಹದಿನೆಂಟು ದಿನ ತಾನೂ ಸಪ್ಪೆ ಮುದ್ದೆ ನುಂಗುತ್ತಾನೆಯೇ?

“ಕೈ ನಡುಕ ಯಾವಾಗಿಂದ?”

“ಒಂದು ವಾರ ಆತು. ಲೋಟ ಹಿಡಿಯಾಕೆ ಆಗ್ತಿರಲಿಲ್ಲ. ಆಮೇಲೆ ಭೇದಿ. ಮೊನ್ನೆ ಕುಡಿದೋರಂಗೆ ತೂರಾಡಿದ. ಬ್ಯಾರೆ ಮದ್ದಿನ ಮೇಲೆ ಬೇರುಮದ್ದು ಕೆಲಸ ಮಾಡಾಕೆ ಹತ್ತಿದ್ರೆ ಹಂಗಾಗ್ತೈತೆ, ಹಳೇ ನಂಜೆಲ್ಲ ಇಳೀತೈತೆ ಅಂದ್ಕೊಂಡ್ವಿ. ಇವತ್ತು ನಾಲಿಗೆ ಬಿದ್ದ ಮೇಲೆ ವಿಷ ಅಂತ ಗೊತ್ತಾತು, ಅವನಿಗೆ ಊಟ ಇಕ್ಕೋಳು ಇವಳೊಬ್ಳೇ.”

ಓಬವ್ವ ಗೋಡೆಗೆ ಒರಗಿದಳು. ಹತ್ತಕ್ಕೆ ಐದು ನಿಮಿಷ ಇತ್ತು.

“ದಫೇದಾರ್ರೇ, ಕೇಳ್ರಿ. ನೀವು ಬೆರಳು ಮಡಚಬೇಕಂದ್ರೆ ಮೆದುಳಿನಿಂದ ನರದಗುಂಟ ಸುದ್ದಿ ಓಡ್ಬೇಕು. ಆ ಸುದ್ದಿ ಓಡೋದೇ ಉಪ್ಪಿನ ಮೇಲೆ. ಲಿಥಿಯಂ ಅನ್ನೋದು ಅದೇ ಉಪ್ಪಿನ ದಾಯಾದಿ. ಹದವಾಗಿದ್ರೆ ತಲೆಯೊಳಗಿನ ಓಟ ತಡೆದು ಸಮ ಮಾಡ್ತೈತೆ. ಊಟದಲ್ಲಿ ಉಪ್ಪಿದ್ರೆ ಕಿಡ್ನಿ ಎರಡನ್ನೂ ಅಷ್ಟಷ್ಟು ಹೊರಗೆ ಹಾಕ್ತೈತೆ. ಉಪ್ಪೇ ನಿಲ್ಲಿಸಿದ್ರೆ ಅದಕ್ಕೆ ಹಸಿವು. ಉಪ್ಪಿನ ಮುಖ ಇರೋದನ್ನೆಲ್ಲ ಬಾಚಿ ವಾಪಸ್ ಒಳಗೆ ಇಟ್ಕೊಂತೈತೆ. ಲಿಥಿಯಂ ದಿನ ದಿನ ಮೆದುಳಿನಲ್ಲಿ ಏರ್ತೈತೆ. ಮೊದ್ಲು ಕೈ, ಆಮೇಲೆ ನಡಿಗೆ, ನಾಲಿಗೆ. ಕೊನೇಗೆ ಉಸಿರು.”

“ಆದ್ರೆ ಗುಳಿಗೆ ನುಂಗಿಲ್ಲಲ್ಲ ಅವನು.”

“ಗೊತ್ತಿದ್ದು ನುಂಗಿಲ್ಲ.”

ಅವಳು ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದಳು. ಹಿಟ್ಟಿನ ಮಡಕೆ ಸರಿಸಿದಳು. ಒಲೆಗೂಡಿನ ಮೇಲೆ, ಹಿತ್ತಾಳೆ ಬಿಂದಿಗೆಯ ಹಿಂದೆ, ಒಂದು ಸಣ್ಣ ಕುಟ್ಟಾಣಿ ಸಿಕ್ಕಿತು. ಅಡಿಕೆ ಕುಟ್ಟುವ ಕುಟ್ಟಾಣಿ.

“ಮನೇಲಿ ಎಲೆಅಡಿಕೆ ಯಾರು ಹಾಕ್ತೀರಿ?”

“ನಮ್ಮವ್ವ ಹಾಕ್ತಿದ್ಲು. ಸತ್ತು ನಾಲ್ಕು ವರ್ಷ ಆತು.”

ಸತ್ತವಳ ಕುಟ್ಟಾಣಿಯ ಮೇಲೆ ನಾಲ್ಕು ವರ್ಷದ ಧೂಳು ಇರಲಿಲ್ಲ. ಒಳಗೆ ತೊಳೆದಿತ್ತು. ಓಬವ್ವ ಹೇರ್‌ಪಿನ್ನಿನಿಂದ ಅದರ ತಳದ ಸಂದು ಕೆರೆದಳು. ಬಿಳಿ ಪುಡಿ ಉದುರಿತು.

“ಸಿಕ್ತು ನೋಡು ವಿಷ,” ಷಣ್ಮುಖಪ್ಪ ಕಾಗದ ಪೆನ್ನು ತೆಗೆದ. “ಏನ್ ಹೇಳ್ತೀಯಮ್ಮ ಈಗ?”

ಉಚ್ಚಂಗಮ್ಮ ನಡುಮನೆಯ ಕಂಬ ಹಿಡಿದು ಕೂತಳು.

ಓಬವ್ವ ಅವಳೆದುರು ನೆಲದ ಮೇಲೆ ಕೂತಳು. “ಉಚ್ಚಂಗವ್ವ, ನನ್ನ ಮುಖ ನೋಡು. ದಿನಕ್ಕೆ ಎಷ್ಟು?”

ಉಚ್ಚಂಗಮ್ಮ ದಫೇದಾರನ ಪೆನ್ನು ನೋಡಿದಳು.

“ಎಷ್ಟು ಗುಳಿಗೆ, ಎಷ್ಟು ದಿನ, ಎರಡೇ ಮಾತು ಹೇಳು. ನಾನು ಪೋಸ್ಟಾಫೀಸಿಗೆ ಓಡಿ ಡಾಕ್ಟ್ರಿಗೆ ಫೋನ್ ಮಾಡ್ತೀನಿ. ನಿನ್ನ ಗಂಡ ಬದುಕ್ತಾನೆ.”

“ಹೇಳಿದ್ರೆ ಬರ್ಕೋತೀನಿ,” ಅಂದ ಷಣ್ಮುಖಪ್ಪ. “ಅದನ್ನೂ ಹೇಳಿಬಿಡ್ತೀನಮ್ಮ, ಮೋಸ ಮಾಡಬಾರ್ದು. ಕುಟ್ಟಿ ಹಾಕಿದ್ದು ಒಪ್ಪಿದ್ರೆ ಕೇಸು ನಿನ್ನ ಮೇಲೇ.”

“ಹೊರಗೆ ಹೋಗ್ರಿ ನೀವು.”

“ನನ್ನ ಡ್ಯೂಟಿ ಸಿಸ್ಟರಮ್ಮ. ನಾನು ಹೋದ ಮೇಲೆ ಹೇಳಿದ್ದು ಲೆಕ್ಕಕ್ಕಿಲ್ಲ.”

ಉಚ್ಚಂಗಮ್ಮ ಇಬ್ಬರನ್ನೂ ನೋಡಿದಳು. ಬಾಯಿಬಿಟ್ಟರೆ ಜೈಲು. ಬಾಯಿ ಮುಚ್ಚಿದರೆ ವಿಧವೆ. ಅವಳಿಗೆ ಯಾರೂ ಓದು ಕಲಿಸಿರಲಿಲ್ಲ, ಆದರೆ ಈ ಲೆಕ್ಕ ಅರ್ಥವಾಗಲು ಓದು ಬೇಕಿರಲಿಲ್ಲ.

“ಐದು,” ಅಂದಳು. “ದಿನಕ್ಕೆ ಐದು. ಹದಿನೈದು ದಿನ. ಕುಟ್ಟಿ ಮಜ್ಜಿಗೆಗೆ ಹಾಕ್ತಿದ್ದೆ.”

ಮಹೇಶ್ವರಪ್ಪ ಮುನ್ನುಗ್ಗಿದ. ದಫೇದಾರ್ ಅವನ ಎದೆಗೆ ಮೊಣಕೈ ಕೊಟ್ಟು ನಿಲ್ಲಿಸಿದ.

“ಕೊಲ್ಲಾಕೆ ಹಾಕಲಿಲ್ಲ ಸಿಸ್ಟರಮ್ಮ,” ಉಚ್ಚಂಗಮ್ಮನ ಮಾತು ಈಗ ನಿಲ್ಲಲಿಲ್ಲ. “ಗುಳಿಗೆ ಬಿಟ್ರೆ ಮತ್ತೆ ಮೊದಲಿನಂಗೆ ಆಗ್ತಾರೆ. ನಿಮ್ಮ ಆಸ್ಪತ್ರೆಗೆ ಬರಾಕೆ ಮೊದ್ಲು ಇದೇ ಅಣ್ಣಾರು ಕೊಟ್ಟಿಗೇಲಿ ಸರಪಳಿ ಹಾಕಿದ್ರು. ಎಮ್ಮೆ ಪಕ್ಕ. ನಾಲ್ಕು ತಿಂಗ್ಳು. ನಾನೇ ತಟ್ಟೆ ಸರಿಸ್ತಿದ್ದೆ ಕೋಲಿನಿಂದ. ಇನ್ನೊಂದು ಸಲ ಅದನ್ನ ನೋಡಾಕೆ ನನ್ನ ಕೈಲಿ ಆಗ್ತಿರಲಿಲ್ಲ.”

“ಮೂರು ಕೊಡ್ತಿದ್ದದ್ದು ನಾನು. ಐದು ಯಾಕೆ ಮಾಡಿದೆ? ಸೀಸೆ ಚಾನೆಲ್‌ಗೆ ಹೋದ ಮೇಲೆ ಗುಳಿಗೆ ಎಲ್ಲಿಂದ ಬಂತು?”

ಉಚ್ಚಂಗಮ್ಮ ಕಣ್ಣರಳಿಸಿದಳು. ಅಚ್ಚರಿಯಿಂದ ನೋಡಿದಳು.

“ನೀವೇ ಕಳಿಸಿದ್ರಲ್ಲ.”

ದಫೇದಾರನ ಪೆನ್ನು ನಿಂತಿತು.

“ಪಥ್ಯ ಹಿಡಿದ ಮೂರನೇ ದಿನ ಬಂದ್ಲು ಆಯಮ್ಮ. ಬಿಳಿ ಸೀರೆ, ನಿಮ್ಮಂಗೇ. ಓಬವ್ವ ಸಿಸ್ಟರ್ ಕಳಿಸ್ಯಾರೆ ಅಂದ್ಲು. ಗುಳಿಗೆ ಕೊಟ್ಲು. ಎರಡು ದಿನ ಬಿಟ್ಟಿದ್ದಕ್ಕೆ ಐದು ಬೇಕು, ಯಾರಿಗೂ ಹೇಳಬ್ಯಾಡ, ಮಜ್ಜಿಗೇಲಿ ಕುಡಿಸು ಅಂದ್ಲು. ಪಥ್ಯ ಮಾತ್ರ ಕೆಡಿಸಬ್ಯಾಡ, ಒಂದು ಹರಳು ಉಪ್ಪೂ ಮುಟ್ಟಿಸಬ್ಯಾಡ ಅಂತ ಎರಡೆರಡು ಸಲ ಹೇಳಿದ್ಲು. ಆಮೇಲೆ ಎಂಟು ದಿನಕ್ಕೆ ಮತ್ತೆ ಗುಳಿಗೆ ತಂದ್ಕೊಟ್ಲು. ಜಗಳೂರು ಕಡೆ ಬಸ್ಸಿಗೆ ಬರ್ತಾಳೆ.”

 ಓಬವ್ವ ಯಾರನ್ನೂ ಕಳಿಸಿರಲಿಲ್ಲ. ಲಿಥಿಯಮ್ಮಿಗೆ ಉಪ್ಪು ತಪ್ಪಿಸಿದರೆ ಏನಾಗುತ್ತದೆಂದು ಈ ಸೀಮೆಯಲ್ಲಿ ತಿಳಿದವರನ್ನು ಬೆರಳಿನಲ್ಲಿ ಎಣಿಸಬಹುದು. ಆ ಹೆಂಗಸು ತಿಳಿದು ಹೇಳಿದ್ದಳು. ಚೌಡಕ್ಕನ ಬೇರಿನ ಹಿಂದೆ, ಅಣ್ಣನ ಭಕ್ತಿಯ ಹಿಂದೆ, ಹೆಂಡತಿಯ ಭಯದ ಹಿಂದೆ ಅವಳು ನಿಂತಿದ್ದಳು. ಮೂವರ ಕೈಯಿಂದಲೂ ಕೊಲ್ಲಿಸುತ್ತಿದ್ದಳು.

“ಮತ್ತೆ ಯಾವಾಗ ಬರ್ತಾಳೆ?”

“ನಾಳೆ. ಗುಳಿಗೆ ನಿನ್ನೆ ರಾತ್ರಿಗೆ ಮುಗೀತು.”

“ಬಿಳಿ ಸೀರೆಯಂತೆ, ಬಸ್ಸಂತೆ,” ಮಹೇಶ್ವರಪ್ಪ ಹಲ್ಲು ಕಡಿದ. “ಕಥೆ ಕಟ್ತಾಳೆ. ಕರ್ಕೊಂಡು ನಡೀರಿ ದಫೇದಾರ್ರೇ.”

ಷಣ್ಮುಖಪ್ಪ ಓಬವ್ವನ ಕಡೆ ತಿರುಗಿದ. “ಒಂದೇ ಪ್ರಶ್ನೆ. ನೀವು ಯಾರನ್ನಾದ್ರೂ ಕಳಿಸಿದ್ರಾ? ಇಲ್ಲ ಅಂದ್ರೆ ಈ ಹೆಂಗಸು ಸುಳ್ಳು ಹೇಳ್ತಾಳೆ. ನಾನು ಕರ್ಕೊಂಡು ಹೋಗ್ತೀನಿ. ಹೌದು ಅಂದ್ರೆ ಇವಳು ಬರೀ ಹೇಳಿದಂಗೆ ಕೊಟ್ಟೋಳು, ಕೇಸು ನಿಮ್ಮ ಮೇಲೆ.”

ಹತ್ತೂ ಕಾಲು.

ಇಲ್ಲ ಅನ್ನುವುದೇ ನಿಜ. ಇಲ್ಲ ಅಂದರೆ ಈ ಮನೆಗೆ ಬೀಗ ಬೀಳುತ್ತದೆ. ನಾಳೆ ಬರುವವಳು ಬೀಗ ನೋಡಿ ಅದೇ ಬಸ್ಸಿಗೆ ವಾಪಸ್ ಹೋಗುತ್ತಾಳೆ, ಜೀವಮಾನದಲ್ಲಿ ಮತ್ತೆ ಸಿಗುವುದಿಲ್ಲ. ಬಿಳಿ ಸೀರೆಯ ಕಥೆಯನ್ನು ಯಾವ ಕೋರ್ಟೂ ನಂಬುವುದಿಲ್ಲ. ಉಚ್ಚಂಗಮ್ಮ ಈ ಬಾಗಿಲಲ್ಲಿ ನಾಳೆ ಇರಲೇಬೇಕು.

ಕೇರಿಯಿಂದ ಎದ್ದು ಬಂದು ಹಾಕಿದ ಬಿಳಿ ಸೀರೆ ಇದು. ಅವ್ವ ಊರವರಿಗೆಲ್ಲ ತೋರಿಸಿಕೊಂಡು ಬಂದಿದ್ದ ಸರ್ಟಿಫಿಕೇಟು. ಒಂದು ಮಾತಿನಲ್ಲಿ ಹೋಗುತ್ತದೆ.

“ಹೌದು,” ಅಂದಳು ಓಬವ್ವ. “ನಾನೇ ಕಳಿಸಿದ್ದೆ. ಗುಳಿಗೆ ನಂದು, ಐದು ಅಂತ ಹೇಳಿದ್ದೂ ನಾನು. ಪಥ್ಯ ಹಿಡಿದಿದ್ದು ನನಗೆ ಗೊತ್ತಿರಲಿಲ್ಲ, ಉಪ್ಪಿನ ಮಾತು ನಾನು ಹೇಳಿ ಕಳಿಸಿದ್ದಲ್ಲ. ತಪ್ಪು ಮದ್ದಿನದ್ದು, ಇವಳದ್ದಲ್ಲ.”

ಉಚ್ಚಂಗಮ್ಮ ಅಳುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಷಣ್ಮುಖಪ್ಪ ಪೆನ್ನಿನ ಮುಚ್ಚಳ ಹಾಕಿದ.

“ಸಿಸ್ಟರಮ್ಮ, ಯೋಚ್ನೆ ಮಾಡಿ ಹೇಳ್ರಿ. ಇದಕ್ಕೆ ಸಹಿ ಹಾಕಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ಬೇಕಾಗ್ತೈತೆ.”

“ಬರೀರಿ ಬೇಗ. ಪೋಸ್ಟಾಫೀಸಿಗೆ ಹೋಗ್ಬೇಕು. ಇವಳನ್ನ ಮನೇಲೇ ಬಿಡ್ರಿ.”

ಅವನು ಬರೆದ. ಅವಳು ಓದದೆ ಸಹಿ ಹಾಕಿದಳು.

ಪೋಸ್ಟಾಫೀಸಿನಲ್ಲಿ ಹೊನ್ನಾಳಿ ಲೈನು ಸಿಗುವಷ್ಟರಲ್ಲಿ ಹತ್ತೂವರೆ ದಾಟಿತ್ತು. ದಫೇದಾರ್ ಅವಳ ಪಕ್ಕದಲ್ಲೇ ನಿಂತಿದ್ದ, ಸಹಿಯ ಕಾಗದ ಅವನ ಅಂಗಿ ಜೇಬಿನಲ್ಲಿತ್ತು.

“ಡಾಕ್ಟ್ರೇ, ಲಿಥಿಯಮ್ಮೇ. ದಿನಕ್ಕೆ ಐದು, ಹದಿನೈದು ದಿನ, ಹದಿನೆಂಟು ದಿನದಿಂದ ಉಪ್ಪಿಲ್ಲ. ಸಲೈನ್ ಹಚ್ರಿ. ಅಟ್ರೋಪಿನ್ ಬೇಡ.”

“ಭೇಷ್. ಈಗಲೇ ಹಚ್ತೀನಿ,” ಡಾಕ್ಟರ ದನಿಯಲ್ಲಿ ನಿರಾಳ ಕೇಳಿಸಿತು. “ಸ್ವಲ್ಪ ಗೆಲುವಾಗ್ಯಾನೆ ಅನ್ಸುತ್ತೆ. ನಾಲ್ಕು ಚಮಚ ಗಂಜಿ ಇಳೀತು. ನೀನು ಹೋಗಿ ಸ್ವಲ್ಪ ಹೊತ್ತಿಗೇ ಬಂದ್ಲಲ್ಲ, ಅವಳು ಪಕ್ಕದಲ್ಲೇ ಕೂತು ಕುಡಿಸ್ತಿದಾಳೆ.”

“ಯಾರು?”

“ಜಗಳೂರಿನ ನರ್ಸು. ನೀನೇ ಕಳಿಸಿದ್ದು ಅಂತ ಹೇಳಿದ್ಲಲ್ಲ ಓಬವ್ವ.”

ಓಬವ್ವ ಬಾಯಿ ತೆರೆದಳು. ದಫೇದಾರ್ ಷಣ್ಮುಖಪ್ಪ ರಿಸೀವರಿಗೆ ಕಿವಿಗೊಟ್ಟು ಕೇಳಿಸಿಕೊಂಡಿದ್ದ. ಅವನು ಜೇಬಿನಿಂದ ಕಾಗದ ತೆಗೆದು, ಅವಳ ಸಹಿಯ ಮೇಲೆ ಬೆರಳಿಟ್ಟ.

“ಕಳಿಸಿದ್ದು ನಾನೇ ಅಂತ ಈಗ ತಾನೇ ಬರೆದುಕೊಟ್ರಲ್ಲ ಸಿಸ್ಟರಮ್ಮ,” ಅಂದ. “ಫೋನ್ ಇಡ್ರಿ. ಗಂಜೀಲಿ ಏನ್ ಹಾಕಾಕೆ ಹೇಳಿದ್ರಿ, ಅದನ್ನ ಈಗ ಹೇಳ್ರಿ.”